ಪಾರ್ಕಿನ ಬೀಗದ ಕೈ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಥರದ ಪಾರ್ಕ್ ಇರುತ್ತದೆ. ನೀವೂ ನೋಡಿರುತ್ತೀರಿ. ಗೇಟಿನ ಮೇಲೆ ಕಮಾನು, ಕಮಾನಿನ ಮೇಲೆ ಅರ್ಧ ಅಕ್ಷರ ಉದುರಿದ ಹೆಸರು. ಪಕ್ಕದಲ್ಲಿ ಕಪ್ಪು ಗ್ರಾನೈಟ್ ಕಲ್ಲು. ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ ಇದ್ದವರು, ಎಲ್ಲರ ಹೆಸರೂ ಅದರಲ್ಲಿ ಚಿನ್ನದ ಬಣ್ಣದಲ್ಲಿ ಫಳಫಳ. ಇಡೀ ಪಾರ್ಕಿನಲ್ಲಿ ಕೆಡದೆ ಉಳಿದಿರುವುದು ಆ ಕಲ್ಲು ಒಂದೇ. ಒಳಗೆ ಹೋದರೆ ಬಾಯಿ ತೆರೆದು ನಿಂತ ಪೆಂಗ್ವಿನ್ ಕಸದ ಡಬ್ಬಿ. ಹಲಗೆ ಹೋಗಿ ಸರಪಳಿ ಮಾತ್ರ ನೇತಾಡುವ ಉಯ್ಯಾಲೆ. ಉದ್ಘಾಟನೆಯ ದಿನ ಬಿಟ್ಟರೆ ಮತ್ತೆ ಚಿಮ್ಮದ ಕಾರಂಜಿ, ಅದರ ತೊಟ್ಟಿಯಲ್ಲಿ ನಿಂತ ಮಳೆನೀರು, ನೀರಲ್ಲಿ ಸೊಳ್ಳೆ ಮರಿ. ಹಿಂದಿನ ಮೂಲೆಯಲ್ಲಿ ಮನೆ ಒಡೆದವರು ತಂದು ಸುರಿದ ಇಟ್ಟಿಗೆ ಚೂರು, ಅದರ ಮೇಲೆ ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡ. ಗೇಟಿಗೆ ಬೀಗ. ಬೀಗದ ಪಕ್ಕದ ಕಂಬಿ ಬಗ್ಗಿಸಿ ಮಾಡಿಕೊಂಡ ಕಳ್ಳದಾರಿ.

ನಮ್ಮ ಮನೆಯ ಹಿಂದಿನ ಅಡ್ಡರಸ್ತೆಯ ಪಾರ್ಕೂ ವರ್ಷಗಟ್ಟಲೆ ಹೀಗೇ ಇತ್ತು. ಈಗ ಹಾಗಿಲ್ಲ. ಬಡಾವಣೆಯವರು ಸೇರಿ ಅದನ್ನು ಹೇಗೆ ಸರಿ ಮಾಡಿದಿರಿ, ಬರೆಯಿರಿ ಅಂತ ಬೇರೆ ಕಡೆಯ ಗೆಳತಿಯರು ಕೇಳುತ್ತಿರುತ್ತಾರೆ. ಬರೆಯಲು ಕೂತರೆ, ಸರಿ ಮಾಡಿದ ಭಾಗ ಬೇಗ ಮುಗಿದುಹೋಗುತ್ತದೆ. ಸರಿಯಾದ ಮೇಲೆ ಶುರುವಾದ ಜಗಳವೇ ಜಾಸ್ತಿ ಇದೆ. ಹಾಳುಬಿದ್ದ ಪಾರ್ಕಿನ ಬಗ್ಗೆ ಯಾರಿಗೂ ಜಗಳ ಇರುವುದಿಲ್ಲ. ಚೆನ್ನಾದ ಕೂಡಲೇ ಅದು ಯಾರದು ಅನ್ನುವ ಪ್ರಶ್ನೆ ಏಳುತ್ತದೆ.

ಕಾಗದದ ಮೇಲೆ ಆ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿಯೇ ಇದೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ ಪ್ರಕಾರ ಬಡಾವಣೆ ಮಾಡುವಾಗ ಕಡಿಮೆ ಅಂದರೂ ಶೇಕಡಾ 15ರಷ್ಟು ಜಾಗವನ್ನು ಪಾರ್ಕಿಗೆ, ಆಟದ ಮೈದಾನಕ್ಕೆ ಬಿಡಬೇಕು. ಅದರ ಮೇಲೆ ಇನ್ನೊಂದು ಶೇಕಡಾ 10 ನಾಗರಿಕ ಸೌಲಭ್ಯಕ್ಕೆ. ನಾವೆಲ್ಲ ಸಿಎ ಸೈಟ್ ಅನ್ನುತ್ತೇವಲ್ಲ, ಅದು. 1985ರಲ್ಲಿ ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲಿಕ್ಕೇ ಅಂತ ರಾಜ್ಯದಲ್ಲಿ ಇನ್ನೊಂದು ಕಾಯ್ದೆ ಬಂತು. ಪಾರ್ಕಿಗೆ ಅಂತ ಇಟ್ಟ ಜಾಗವನ್ನು ಬೇರೆ ಕೆಲಸಕ್ಕೆ ಬಳಸುವ ಹಾಗಿಲ್ಲ.

ಆದರೆ ಕಾಯ್ದೆ ತಾನಾಗಿ ಎದ್ದು ಬಂದು ಪಾರ್ಕ್ ಕಾಯುವುದಿಲ್ಲ. ಯಾರಾದರೂ ಕೇಳಬೇಕು. ರಾಜಮಹಲ್ ವಿಲಾಸ್ ಬಡಾವಣೆಯವರು ಹಾಗೆ ಕೇಳಿದವರು. ಅಲ್ಲಿ ಪಾರ್ಕಿಗೆಂದು ಗುರುತು ಮಾಡಿದ್ದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಯಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಅಲ್ಲೂ ನಿವಾಸಿಗಳೇ ಗೆದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣ ಅಂತ ಇಂದಿಗೂ ದೇಶದ ಯಾವ ಮೂಲೆಯಲ್ಲಿ ಪಾರ್ಕಿನ ಕೇಸು ನಡೆದರೂ ವಕೀಲರು ಇದನ್ನು ಎತ್ತುತ್ತಾರೆ. ಆಸ್ಪತ್ರೆಯೂ ಜನಕ್ಕೆ ಒಳ್ಳೆಯದೇ ಅಲ್ವಾ ಅನ್ನುವ ವಾದಕ್ಕೆ ನ್ಯಾಯಾಲಯ ಬಗ್ಗಲಿಲ್ಲ.

ಆ ತೀರ್ಪಿನಲ್ಲಿ ಒಂದು ಮಾತು ನನಗೆ ಬಹಳ ಇಷ್ಟ. ಉದ್ಯಾನ ಅನ್ನುವುದು ಮೊದಲು ಅರಸರ, ಸಿರಿವಂತರ ಸ್ವತ್ತಾಗಿತ್ತು. 19 ಮತ್ತು 20ನೇ ಶತಮಾನದಲ್ಲಿ ಸಮಾನತೆಯ ವಿಚಾರ ಬೆಳೆಯುತ್ತಾ ಬಂದ ಹಾಗೆ ಅದು ಸಾಮಾನ್ಯ ಜನರ ಜಾಗವಾಯಿತು ಅನ್ನುವ ಅರ್ಥದ ಮಾತು. ಈ ಮಾತನ್ನು ಇಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತದೆ.

ಈಗ ನಮ್ಮ ಪಾರ್ಕಿಗೆ ಬರುತ್ತೇನೆ.

ಕಾರ್ಪೊರೇಟರನ್ನು ಕೇಳೋಣ ಅಂದರೆ ಕಾರ್ಪೊರೇಟರೇ ಇರಲಿಲ್ಲ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಮನವಿ ಕೊಟ್ಟೆವು, ಸ್ವೀಕೃತಿ ಸೀಲ್ ಹಾಕಿಸಿಕೊಂಡೆವು, ಮತ್ತೆ ಕೊಟ್ಟೆವು. ಕೊನೆಗೆ ಇಸ್ತ್ರಿ ಅಂಗಡಿಯವರ ಗಾಡಿ ಪಕ್ಕ ನಿಂತು ಮಾತಾಡುತ್ತಿದ್ದಾಗ ಬಡಾವಣೆಯ ಮೇಷ್ಟ್ರು, ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು, "ನೋಡಮ್ಮಾ, ಕಳೆ ಕೀಳಕ್ಕೆ ಯಾರ ಸಹಿಯೂ ಬೇಕಾಗಿಲ್ಲ" ಅಂದರು. ಅಲ್ಲಿಂದ ಶುರು.

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು ಕೀಳಬೇಕು. ಹೂ ಬಿಟ್ಟ ಮೇಲೆ ಕಿತ್ತರೆ ನಾವೇ ಬೀಜ ಚೆಲ್ಲಿದ ಹಾಗೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಿದ್ದಾಗ ಬುಡಕ್ಕೆ ಕೈ ಹಾಕಿ ಎಳೆದರೆ ಬೇರು ಸಮೇತ ಬರುತ್ತದೆ. ಕೈಗವಸು ಇಲ್ಲದೆ ಮುಟ್ಟಿದರೆ ಕೆಲವರಿಗೆ ಮೈಯೆಲ್ಲ ತುರಿಕೆ, ಗಂದೆ. ಅದರ ಪರಾಗಕ್ಕೆ ಸೀನು, ಉಬ್ಬಸ. ಮೇಷ್ಟ್ರು ಎಲೆಯ ಅಡಿಯಿಂದ ಒಂದು ಪುಟ್ಟ ಹುಳ ಎತ್ತಿ ಹುಡುಗರಿಗೆ ತೋರಿಸಿದರು. ಬಿಳುಪು ಬೆನ್ನು, ಅದರ ಮೇಲೆ ಕಂದು ಗೆರೆ. ಈ ಗಿಡವನ್ನು ತಿನ್ನಲಿಕ್ಕೇ ಮೆಕ್ಸಿಕೋದಿಂದ ತಂದು 1984ರಲ್ಲಿ ಇದೇ ಬೆಂಗಳೂರಿನಲ್ಲಿ ಬಿಟ್ಟ ಹುಳದ ಸಂತತಿ ಅದು. ಮಳೆಗಾಲದಲ್ಲಿ ಎಲೆಯೆಲ್ಲ ಜರಡಿ ಮಾಡುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಹೋಗಿ ಮಲಗುತ್ತದೆ. "ನಮ್ಮ ಸಂಘದವರ ಥರ" ಅಂತ ಹಿಂದೆ ಯಾರೋ ಗೊಣಗಿದರು.

ಕಸದ ಮೂಲೆಗೆ ಬೇರೆ ಉಪಾಯ ಬೇಕಾಯಿತು. ತೆಗೆದ ಮರುದಿನವೇ ಅಲ್ಲಿ ಮತ್ತೆ ಕಸ ಬೀಳುತ್ತದೆ. ಬೆಂಗಳೂರಿನಲ್ಲಿ ಹೆಸರು, ಮುಖ ತೋರಿಸದೆ ಕೆಲಸ ಮಾಡುವ 'ದಿ ಅಗ್ಲಿ ಇಂಡಿಯನ್' ಅನ್ನುವ ಗುಂಪು ಈ ಥರದ ಮೂಲೆಗಳನ್ನು ಸರಿ ಮಾಡುವುದನ್ನೇ ವರ್ಷಗಳಿಂದ ಮಾಡಿಕೊಂಡು ಬಂದಿದೆ. ಬಾಯಿ ಮುಚ್ಚು, ಕೆಲಸ ಮಾಡು ಅನ್ನುವುದು ಅವರ ನೀತಿ. ಅವರ ಗೋಡೆಗಳನ್ನು ಗಮನಿಸಿ. ಕೆಳಗಿನ ಭಾಗಕ್ಕೆ ಕಾವಿ ಬಣ್ಣ ಇರುತ್ತದೆ. ಎಲೆಅಡಿಕೆ ಉಗುಳಿದರೂ, ಮಳೆಗೆ ಕೆಸರು ಹಾರಿದರೂ ಕಣ್ಣಿಗೆ ಹೊಡೆಯುವುದಿಲ್ಲ. ಗೋಡೆ ಗಲೀಜಾಗಿ ಕಾಣದಿದ್ದರೆ ಗಲೀಜು ಮಾಡುವವರ ಕೈ ಸ್ವಲ್ಪ ತಡೆಯುತ್ತದೆ. ನಮ್ಮಜ್ಜಿಯ ಕಾಲದ ಮನೆಗಳಿಗೂ ಕೆಳಗೆ ಕೆಮ್ಮಣ್ಣು, ಮೇಲೆ ಸುಣ್ಣ ಇರುತ್ತಿತ್ತಲ್ಲ. ನಾವೂ ಅದನ್ನೇ ಮಾಡಿದೆವು. ಒಡೆದಿದ್ದ ಚಪ್ಪಡಿ ಕಲ್ಲನ್ನು ಅಲ್ಲೇ ಬೆಂಚಿನ ಹಾಗೆ ಕೂರಿಸಿದೆವು. ಜನ ಕೂರುವ ಜಾಗದಲ್ಲಿ ಕಸ ಎಸೆಯುವುದು ಕಷ್ಟ. ಪೂರ್ತಿ ನಿಂತಿಲ್ಲ, ಆದರೆ ಮೊದಲಿನ ಹಾಗೆ ಲಾರಿಗಟ್ಟಲೆ ಇಲ್ಲ.

ಎಲೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಪಾರ್ಕಿನಲ್ಲಿ ಹೊಂಗೆ, ನೇರಳೆ, ಮಳೆಮರ, ಗುಲ್‌ಮೊಹರ್ ಇವೆ. ಜನವರಿಯಿಂದ ಮಾರ್ಚ್‌ವರೆಗೆ ಎಲೆ ಉದುರುವುದನ್ನು ಗುಡಿಸಿ ಪೂರೈಸುವುದಿಲ್ಲ. ಮೊದಲೆಲ್ಲ ಮೂಲೆಗೆ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದರು. ಕಸ ಸುಡುವುದಕ್ಕೆ 2016ರ ಡಿಸೆಂಬರಿನಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಂಡ ಗೊತ್ತು ಮಾಡಿದೆ, ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000. ದಂಡ ಕಟ್ಟಿದವರನ್ನು ನಾನಂತೂ ನೋಡಿಲ್ಲ. ಹೊಗೆ ಕುಡಿದವರನ್ನು ನೋಡಿದ್ದೇನೆ. ಎದುರು ಮನೆಯ ಅಜ್ಜಿ ಚಳಿಗಾಲ ಪೂರ್ತಿ ಕಿಟಕಿ ಮುಚ್ಚಿಕೊಂಡೇ ಇರುತ್ತಿದ್ದರು.

ಎಚ್‌ಎಸ್‌ಆರ್ ಬಡಾವಣೆಯ ಒಂದು ಪಾರ್ಕಿನಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಅಂತ ಇದೆ. ಗೊಬ್ಬರ ಮಾಡುವ ಥರಾವರಿ ವಿಧಾನಗಳನ್ನು ಅಲ್ಲಿ ಕಣ್ಣೆದುರೇ ಜೋಡಿಸಿ ಇಟ್ಟಿದ್ದಾರೆ. ಹೋಗಿ ನೋಡಿ ಬಂದು, ಬೇಲಿಗೆ ಹಾಕುವ ತಂತಿ ಬಲೆಯನ್ನು ದುಂಡಗೆ ಸುತ್ತಿ ನಿಲ್ಲಿಸಿದೆವು. ಅಷ್ಟೇ ತೊಟ್ಟಿ. ಒಣ ಎಲೆ ಒಂದು ಪದರ, ಮೇಲೆ ಹಸಿ ಹುಲ್ಲು, ಮೇಲೆ ಸಗಣಿ ನೀರು, ಹುಳಿ ಮಜ್ಜಿಗೆ. ಬಡಾವಣೆಯ ಮನೆಮನೆಯಿಂದ ಮಿಕ್ಕಿದ ಮಜ್ಜಿಗೆ ಬರತೊಡಗಿತು. ಎಲೆಯನ್ನು ಕಾಲಲ್ಲಿ ತುಳಿದು ಅದುಮುವುದು ಮಕ್ಕಳ ಕೆಲಸ. ಅದಕ್ಕೆ ಯಾರೂ ಅವರನ್ನು ಕರೆಯಬೇಕಾಗಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಮಾಲಿ ಅಕ್ಕ ನನ್ನನ್ನು ಕರೆದರು. "ಮೇಡಂ, ಇಲ್ಲಿ ಕೈ ಹಾಕಿ ನೋಡಿ." ಮೊಣಕೈವರೆಗೆ ಎಲೆಯೊಳಗೆ ತೂರಿಸಿದೆ. ಮೇಲಿನ ಪದರ ಒಣಗಿ ಗರಗರ ಅನ್ನುತ್ತಿತ್ತು. ಅದರ ಕೆಳಗೆ ಒದ್ದೆ. ಇನ್ನೂ ಕೆಳಗೆ ಕೈ ಹೋದಾಗ ಸುಡುತ್ತಿತ್ತು, ಎಳೆದುಕೊಂಡುಬಿಟ್ಟೆ. ಚೆನ್ನಾಗಿ ಕೆಲಸ ಮಾಡುವ ಗುಡ್ಡೆಯ ಒಳಗೆ ಬಿಸಿ 60 ಡಿಗ್ರಿಯ ಹತ್ತಿರ ಹೋಗುತ್ತದೆ. ಅಷ್ಟು ಬಿಸಿಗೆ ಕಳೆಯ ಬೀಜ ಕೂಡ ಸಾಯುತ್ತದೆ. ಮಾಲಿ ಅಕ್ಕ ನಗುತ್ತಾ, "ಬೆಂಕಿ ಹಾಕ್ಬೇಡಿ ಅಂದ್ರಲ್ಲ, ಅದೇ ಬೆಂಕಿ ಹಚ್ಕೊಂಡೈತೆ ನೋಡಿ" ಅಂದರು. ಮೂರು ತಿಂಗಳಿಗೆ ಬಲೆ ಬಿಚ್ಚಿದಾಗ ಕಾಫಿಪುಡಿ ಬಣ್ಣದ ಗೊಬ್ಬರ. ಮೊದಲ ಮಳೆ ಬಿದ್ದಾಗ ಬರುತ್ತದಲ್ಲ, ಆ ವಾಸನೆ.

ಮಾಲಿ ಅಕ್ಕನ ಬಗ್ಗೆ ಬರೆಯದಿದ್ದರೆ ಈ ಬರಹಕ್ಕೆ ಅರ್ಥ ಇಲ್ಲ. 'ನಿವಾಸಿಗಳು ಸೇರಿ ಪಾರ್ಕ್ ಉಳಿಸಿದರು' ಅಂತ ಪೇಪರಿನವರು ಬರೆಯುವಾಗ ಇಂಥವರು ಫೋಟೋದಲ್ಲಿ ಕೂಡ ಇರುವುದಿಲ್ಲ. ಅವರು ಗುತ್ತಿಗೆದಾರರ ಕೈಕೆಳಗೆ ಕೆಲಸ ಮಾಡುವವರು. ಇದೊಂದೇ ಅಲ್ಲ, ಇನ್ನೂ ಕೆಲವು ಪಾರ್ಕುಗಳು ಅವರ ತಲೆ ಮೇಲೆ. ನಾವೆಲ್ಲ ಭಾನುವಾರ ಬೆಳಿಗ್ಗೆ ಟೀಶರ್ಟ್ ಹಾಕಿಕೊಂಡು ಬರುವವರು. ಸೋಮವಾರದಿಂದ ಶನಿವಾರದವರೆಗೆ ಪಾರ್ಕನ್ನು ಹಿಡಿದು ನಿಲ್ಲಿಸುವವರು ಅವರು. ಎಲ್ಲಿ ನೀರು ನಿಲ್ಲುತ್ತದೆ, ಯಾವ ಕೊಂಬೆ ಗಾಳಿಗೆ ಬೀಳುತ್ತದೆ, ಯಾವ ಮರದಲ್ಲಿ ಗೂಬೆ ಮರಿ ಮಾಡಿದೆ, ಅವರಿಗೆ ಗೊತ್ತು.

ಅವರು ಮಧ್ಯಾಹ್ನ ಮಾತ್ರ ಮಾಯವಾಗುತ್ತಿದ್ದರು. ಕೆಲಸಗಳ್ಳಿ ಅಂತ ಸಂಘದಲ್ಲಿ ಒಬ್ಬರು ಅಂದೂ ಬಿಟ್ಟರು. ನಾನು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಪಾರ್ಕಿನಲ್ಲಿ ಶೌಚಾಲಯ ಇಲ್ಲ. ಬೆಳಿಗ್ಗೆ ಆರಕ್ಕೆ ಬಂದರೆ ಮನೆಗೆ ಹೋಗುವವರೆಗೆ ತಡೆದುಕೊಂಡಿರಬೇಕು. ಅದಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಬಿಸಿಲಲ್ಲಿ ಇಡೀ ಬೆಳಿಗ್ಗೆ ಗಿಡಗಳಿಗೆ ನೀರು ಹಾಕುವವರು, ತಾವು ನೀರು ಕುಡಿಯದೆ.

ನಮ್ಮ ಸಂಘದ ಪಟ್ಟಿಯಲ್ಲಿ ಆಗ ಏನೇನಿತ್ತು ಗೊತ್ತಾ? ಸೆಲ್ಫಿ ತೆಗೆಸಿಕೊಳ್ಳಲು ಹೃದಯದ ಆಕಾರದ ಕಮಾನು. ಕಾರಂಜಿಗೆ ಬಣ್ಣದ ದೀಪ. ಓಪನ್ ಜಿಮ್ಮಿಗೆ ಇನ್ನೆರಡು ಮಷಿನ್ನು. ಶೌಚಾಲಯ ಆ ಪಟ್ಟಿಯಲ್ಲೇ ಇರಲಿಲ್ಲ, ಯಾಕೆಂದರೆ ಪಟ್ಟಿ ಮಾಡಿದವರ ಮನೆ ಎಲ್ಲ ಪಾರ್ಕಿನಿಂದ ಐದು ನಿಮಿಷದ ದಾರಿ. ಅವರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಎದುರು ಮನೆ ಅಜ್ಜಿ ವಿಷಯ ಕೇಳಿದವರೇ, ಕಾಂಪೌಂಡಿನೊಳಗಿನ ಹಳೆ ಬಚ್ಚಲಿನ ಬೀಗ ತೆಗೆಸಿ, "ನಮ್ಮನೆ ಅಂದ್ಕೋ, ಯಾವಾಗ ಬೇಕಾದ್ರೂ ಬಾ" ಅಂದರು. ಪಾರ್ಕಿಗೆ ಶೌಚಾಲಯದ ಮನವಿ ಈಗಲೂ ಕಚೇರಿಯಲ್ಲೇ ಇದೆ.

ನೀರಿನ ಪಾಠ 2024ರ ಬೇಸಿಗೆ ಕಲಿಸಿತು. ಆ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಪಾರ್ಕಿನ ಬೋರ್‌ವೆಲ್ಲೂ ಕೈ ಕೊಟ್ಟಿತ್ತು. ದುಡ್ಡು ಸುರಿದು ಹಾಸಿದ್ದ ಲಾನ್ ಎರಡೇ ವಾರದಲ್ಲಿ ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತು. ಎಲ್ಲರೂ ಅಯ್ಯೋ ಅಂದರು, ನನಗೆ ಒಳಗೊಳಗೇ ಸಮಾಧಾನ. ಲಾನ್ ಇದ್ದಷ್ಟು ದಿನ ಅದರ ಸುತ್ತ ಹಗ್ಗ ಕಟ್ಟಿ 'ಹುಲ್ಲಿನ ಮೇಲೆ ಕಾಲಿಡಬೇಡಿ' ಅಂತ ಬೋರ್ಡ್ ಹಾಕಿದ್ದರು. ಮಕ್ಕಳು ಕಾಲಿಡಬಾರದ ಹುಲ್ಲು ಇದ್ದರೆಷ್ಟು, ಬಿಟ್ಟರೆಷ್ಟು? ಮಳೆ ಬಂದ ಮೇಲೆ ಅಲ್ಲಿ ಗರಿಕೆ ತಾನಾಗಿ ಹಬ್ಬಿತು. ತುಳಿದರೂ ಸಾಯುವುದಿಲ್ಲ, ಗಣೇಶನ ಹಬ್ಬಕ್ಕೂ ಆಯಿತು.

ಕಬ್ಬನ್ ಪಾರ್ಕಿನಲ್ಲಿ ಹಳೆಯ ತೆರೆದ ಬಾವಿಗಳ ಹೂಳೆತ್ತಿ, ಹೊಸದಾಗಿ ಇಂಗುಬಾವಿಗಳನ್ನೂ ತೋಡಿದ್ದಾರೆ. ಆ ಕೆಲಸ ಮಾಡಿದವರು ಬಾವಿ ತೋಡುವುದನ್ನೇ ಕಸುಬಾಗಿ ಉಳಿಸಿಕೊಂಡು ಬಂದಿರುವ ಮಣ್ಣು ಒಡ್ಡರು. ಅವರಿಗೆ ಮಣ್ಣಿನ ಬಣ್ಣ ನೋಡಿದರೆ ಎಷ್ಟು ಆಳಕ್ಕೆ ನೀರು ಇಂಗುತ್ತದೆ ಅಂತ ಅಂದಾಜು ಸಿಗುತ್ತದೆ. ನಮ್ಮಲ್ಲೂ ಮಳೆನೀರು ಹರಿದು ಬಂದು ನಿಲ್ಲುವ ತಗ್ಗಿನಲ್ಲಿ ಒಂದು ಇಂಗುಬಾವಿ ಆಯಿತು. ಸಿಮೆಂಟ್ ಬಳೆ ಒಂದರ ಮೇಲೊಂದು ಇಳಿಸಿ, ಮೇಲೆ ಜಾಲರಿ ಮುಚ್ಚಿದ್ದು. ಎಲ್ಲಿ ತೋಡಬೇಕು ಅಂತ ತೋರಿಸಿದ್ದು ಮಾಲಿ ಅಕ್ಕನೇ. ಮೊದಲು ಮಳೆ ಬಂದರೆ ನಡಿಗೆಯ ದಾರಿಯಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುತ್ತಿತ್ತು. ಈಗ ಮಳೆ ನಿಂತ ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ.

ಗಿಡ ನೆಟ್ಟಿದ್ದನ್ನು ಉದ್ದ ಮಾಡುವುದಿಲ್ಲ. ದಾಸವಾಳ, ನಂದಿಬಟ್ಟಲು, ಕಣಗಿಲೆ, ಕರಿಬೇವು, ನಿಂಬೆ. ಬೇಲಿ ಪಕ್ಕ ಹುಟ್ಟಿದ ಎಕ್ಕದ ಗಿಡವನ್ನು ಕೀಳಬೇಡಿ ಅಂತ ಮೇಷ್ಟ್ರು ಹಟ ಮಾಡಿ ಉಳಿಸಿಕೊಂಡರು. ಅದರ ಎಲೆ ಮೇಲೆ ಹಳದಿ, ಕಪ್ಪು, ಬಿಳಿ ಪಟ್ಟೆಯ ಹುಳು ಬರುತ್ತದೆ, ಅದೇ ಕಿತ್ತಳೆ ರೆಕ್ಕೆಯ ಚಿಟ್ಟೆಯಾಗುತ್ತದೆ. ಹುಡುಗರಿಗೆ ಈಗ ಅದೊಂದು ಕಾಯಂ ಪ್ರದರ್ಶನ.

ಇಷ್ಟೆಲ್ಲ ಆದ ಮೇಲೆ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಸಭೆ ಕರೆದರು. ವಿಷಯ: ಪಾರ್ಕಿನ ನಿಯಮಗಳು. ಹೊಸ ಬೋರ್ಡಿನ ಕರಡು ಸಿದ್ಧವಾಗಿಯೇ ಇತ್ತು. ಆಟ ಆಡಬಾರದು. ಸೈಕಲ್ ತರಬಾರದು. ತಿಂಡಿ ತಿನ್ನಬಾರದು. ಬೆಂಚಿನ ಮೇಲೆ ಮಲಗಬಾರದು. ಜೋಡಿಗಳು ಕೂರಬಾರದು (ಇದನ್ನು 'ಅಸಭ್ಯ ವರ್ತನೆ ನಿಷಿದ್ಧ' ಅಂತ ಬರೆದಿದ್ದರು). ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಗೇಟ್ ಬಂದ್. ಬೀಗದ ಕೈ ಸಂಘದ ಮೂವರ ಹತ್ತಿರ. ಓದುತ್ತಾ ಹೋದರೆ, ಪಾರ್ಕಿನಲ್ಲಿ ಮಾಡಬಹುದಾದ ಕೆಲಸ ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತು ಹೊಡೆಯುವುದು ಒಂದೇ ಅಂತ ಅರ್ಥವಾಯಿತು.

ಬೋರ್ಡ್ ಬರೆದವರು ಕೆಟ್ಟವರಲ್ಲ. ಕಳೆ ಕಿತ್ತವರು, ಎಲೆ ತುಳಿದವರು ಅವರೇ. ನಾವು ಕಷ್ಟಪಟ್ಟಿದ್ದೇವೆ, ಕಂಡೋರು ಬಂದು ಹಾಳು ಮಾಡಬಾರದು ಅನ್ನುವ ಕಾಳಜಿ. ನನಗೂ ಅದು ಅರ್ಥವಾಗುತ್ತದೆ. ಆದರೆ ಕಷ್ಟಪಟ್ಟವರಿಗೆ ಪಾರ್ಕಿನ ಮೇಲೆ ಉಳಿದವರಿಗಿಂತ ಒಂದು ಗುಲಗಂಜಿ ಜಾಸ್ತಿ ಹಕ್ಕು ಬರುತ್ತದೆ ಅಂತ ನಾನು ಒಪ್ಪುವುದಿಲ್ಲ. ಆಗ ಅರಸರ ತೋಟಕ್ಕೂ ಇದಕ್ಕೂ ಏನು ವ್ಯತ್ಯಾಸ? ಅರಸರ ಜಾಗದಲ್ಲಿ ಸಂಘ ಬಂದಿದೆ ಅಷ್ಟೇ. ಸುಪ್ರೀಂ ಕೋರ್ಟಿನ ಆ ಮಾತನ್ನು ಸಭೆಯಲ್ಲಿ ಓದಿದೆ. ಹಿರಿಯರೊಬ್ಬರು, "ಅದೆಲ್ಲ ಕೋರ್ಟಲ್ಲಿ ಚೆನ್ನಾಗಿರುತ್ತಮ್ಮಾ, ರಾತ್ರಿ ಬಾಟ್ಲಿ ಒಡೆದು ಹೋಗೋರಿಗೆ ನೀನು ಹೇಳ್ತೀಯಾ?" ಅಂದರು.

ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ನನ್ನ ಉತ್ತರ ಇದು. ಬಾಟ್ಲಿ ಒಡೆದವರು ಬೀಗ ಹಾಕಿದ್ದ ಕಾಲದಲ್ಲೇ ಒಡೆದದ್ದು. ಬೀಗ ಅವರನ್ನು ತಡೆದಿರಲಿಲ್ಲ. ಕಂಬಿ ಬಗ್ಗಿಸಿಕೊಂಡು ಒಳಗೆ ಹೋಗಿದ್ದರು, ಒಳಗೆ ಬೇರೆ ಯಾರೂ ಇರುವುದಿಲ್ಲ ಅಂತ ಗೊತ್ತಿದ್ದರಿಂದಲೇ ಹೋಗಿದ್ದರು. ಬೀಗ ತಡೆದದ್ದು ಯಾರನ್ನು? ನಾನು ರಜೆ ಹಾಕಿದ್ದ ಒಂದು ದಿನ ಮಧ್ಯಾಹ್ನ ಗೇಟಿನ ಹತ್ತಿರ ನಿಂತು ನೋಡಿದೆ. ಎರಡು ಮೂರು ಮನೆ ಕೆಲಸ ಮುಗಿಸಿ, ಸಂಜೆಯ ಮನೆಗೆ ಇನ್ನೂ ಹೊತ್ತಿದೆ ಅಂತ ಹೆಂಗಸರು ಫುಟ್‌ಪಾತಿನ ಮೇಲೆ ಕೂತು ಡಬ್ಬಿ ಬಿಚ್ಚಿದ್ದರು. ಊಟ ತಲುಪಿಸುವ ಹುಡುಗರು ಬೈಕಿನ ಮೇಲೇ ಒರಗಿ ಮುಂದಿನ ಆರ್ಡರಿಗೆ ಕಾಯುತ್ತಿದ್ದರು. ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ಸೆಕ್ಯುರಿಟಿ ಒಬ್ಬರು ಗೋಡೆಯ ನೆರಳಿನಲ್ಲಿ ಕಣ್ಣು ಮುಚ್ಚಿದ್ದರು. ಗೋಡೆಯ ಆಚೆ ಬದಿ ಹೊಂಗೆಯ ನೆರಳು ಖಾಲಿ ಬಿದ್ದಿತ್ತು. ಬೇಸಿಗೆಯಲ್ಲಿ ಹೊಂಗೆ ನೆರಳಿಗಿಂತ ತಂಪು ಈ ಊರಲ್ಲಿ ಇನ್ನೇನಿದೆ? ನಾವು ಬೆಳಿಗ್ಗೆ ಬಿಸಿಲು ಏಳುವ ಮುಂಚೆ ಬಂದು ಹೋಗುವವರು, ನಮಗೆ ನೆರಳು ಬೇಕಾಗುವುದೇ ಇಲ್ಲ.

ಅವರೆಲ್ಲ ನಮ್ಮ ಬಡಾವಣೆಯ 'ನಿವಾಸಿ'ಗಳಲ್ಲ. ಆದರೆ ನಮ್ಮ ಬಡಾವಣೆಯಲ್ಲಿ ನಮಗಿಂತ ಹೆಚ್ಚು ಹೊತ್ತು ಹೊರಗೆ ಇರುವವರು ಅವರೇ. ಪಾರ್ಕ್ ಉಳಿಸುವುದರಲ್ಲಿ ಸ್ಥಳೀಯರ ಪಾಲು ಇರಬೇಕು ಅಂತ ನಾವೆಲ್ಲ ಹೇಳುತ್ತೇವೆ. ಸ್ಥಳೀಯರು ಅಂದರೆ ಆಸ್ತಿ ತೆರಿಗೆ ಕಟ್ಟುವವರು ಮಾತ್ರ ಅಂತ ಲೆಕ್ಕ ಹಾಕಿದರೆ ಅಲ್ಲಿಗೆ ಕತೆ ಮುಗಿಯಿತು.

ಕೊನೆಗೆ ನನ್ನ ವಾದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಆದೇಶ. 2024ರ ಜೂನ್‌ನಲ್ಲಿ ಬೆಂಗಳೂರಿನ ಪಾಲಿಕೆ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಅಂತ ಅದು ಬಂತು. ಪೇಪರಿನ ಆ ಕಟಿಂಗನ್ನು ಮೇಷ್ಟ್ರು ಗೇಟಿಗೆ ಅಂಟಿಸಿದರು. ಒಂದೆರಡು ಸಲ ಯಾರೋ ಕಿತ್ತುಹಾಕಿದರು, ಮೇಷ್ಟ್ರು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದರು. ಮೇಷ್ಟ್ರ ಹಟದ ಮುಂದೆ ಯಾರೂ ನಿಲ್ಲಲು ಆಗುವುದಿಲ್ಲ. ಗೇಟ್ ತೆರೆದೇ ಉಳಿಯಿತು.

ತೆರೆದ ಮೇಲೆ ಏನಾಯಿತು ಅಂದರೆ, ಪ್ರಳಯವೇನೂ ಆಗಲಿಲ್ಲ. ಊಟದ ಪೊಟ್ಟಣ ಬಿದ್ದವು, ಹೌದು. ಮಾಲಿ ಅಕ್ಕ ಎರಡು ದಿನ ಗದರಿದರು, ಮೂರನೇ ದಿನ ಡಬ್ಬಿ ತಂದವರೇ ಪಕ್ಕದವರನ್ನು ಗದರತೊಡಗಿದರು. ಮಧ್ಯಾಹ್ನದ ಹೊತ್ತು ಹತ್ತು ಹದಿನೈದು ಜನ ಇದ್ದೇ ಇರುವುದರಿಂದ ಕಾಲೇಜು ಮುಗಿಸಿ ಬರುವ ಹೆಣ್ಣುಮಕ್ಕಳು ಬಳಸುದಾರಿ ಬಿಟ್ಟು ಪಾರ್ಕಿನೊಳಗಿಂದಲೇ ದಾಟತೊಡಗಿದರು. ಸಂಜೆ ಕತ್ತಲಾದ ಮೇಲೂ ಜನ ಇರುವ ಕಡೆ ಬಾಟ್ಲಿಯವರಿಗೆ ಹಿತವಾಗಲಿಲ್ಲ ಅಂತ ಕಾಣುತ್ತದೆ, ಬೇರೆ ಕಡೆ ಹೋದರು. ಎಲ್ಲಿ ಅಂತ ಕೇಳಬೇಡಿ, ಇನ್ಯಾವುದೋ ಬೀಗ ಹಾಕಿದ ಪಾರ್ಕಿಗೇ ಇರಬೇಕು.

ಕ್ರಿಕೆಟ್ ಹುಡುಗರದು ಮಾತ್ರ ಇನ್ನೂ ಬಗೆಹರಿದಿಲ್ಲ. ಚೆಂಡು ತಗುಲಿ ಒಬ್ಬರ ಕನ್ನಡಕ ಒಡೆಯಿತು. ಆಟ ನಿಲ್ಲಿಸಿ ಅಂದರು. ಆಡುವ ವಯಸ್ಸಿನ ಹುಡುಗರಿಗೆ ಪಾರ್ಕಿನಲ್ಲಿ ಜಾಗ ಇಲ್ಲ, ರಸ್ತೆಯಲ್ಲಿ ಕಾರು, ಮನೆಯಲ್ಲಿ ಮೊಬೈಲ್ ಹಿಡಿದರೆ ಬೈಗುಳ. ಎಲ್ಲಿಗೆ ಹೋಗಬೇಕು ಅವರು? ಸದ್ಯಕ್ಕೆ ಸಂಜೆ ನಾಲ್ಕರಿಂದ ಐದೂವರೆ, ಹಿಂದಿನ ಅರ್ಧ ಭಾಗ, ಟೆನಿಸ್ ಬಾಲ್ ಮಾತ್ರ ಅಂತ ಒಪ್ಪಂದ. ಹೊಡೆದದ್ದು ಗೋಡೆ ದಾಟಿದರೆ ಔಟ್. ಈ ಕೊನೆಯ ನಿಯಮ ಹುಡುಗರೇ ಮಾಡಿಕೊಂಡದ್ದು, ಸಂಘದ ಎಲ್ಲ ನಿಯಮಗಳಿಗಿಂತ ಚೆನ್ನಾಗಿ ಜಾರಿಯಲ್ಲಿದೆ.

ಪಾರ್ಕಿನಲ್ಲಿ ಜನರಿಗೆ ಏನಾದರೂ ಮಾಡಲು ಬಿಟ್ಟರೆ ಏನಾಗಬಹುದು ಅನ್ನುವುದಕ್ಕೆ ಕಬ್ಬನ್ ಪಾರ್ಕಿನಲ್ಲೇ ಒಂದು ಉದಾಹರಣೆ ಇದೆ. 2023ರಲ್ಲಿ ಇಬ್ಬರು ಗೆಳೆಯರು ಶನಿವಾರ ಪುಸ್ತಕ ಹಿಡಿದು ಹುಲ್ಲಿನ ಮೇಲೆ ಓದುತ್ತಾ ಕೂತರು. ಬರುಬರುತ್ತಾ ನೂರಾರು ಜನ ಚಾಪೆ ತಂದು ಅಲ್ಲಿ ಸುಮ್ಮನೆ ಓದತೊಡಗಿದರು. ಕಬ್ಬನ್ ರೀಡ್ಸ್ ಅಂತ ಅದಕ್ಕೆ ಹೆಸರಾಯಿತು, ಬೇರೆ ಬೇರೆ ಊರು, ದೇಶಗಳಲ್ಲೂ ನೋಡಿ ಕಲಿತರು. ಅದಕ್ಕೆ ಕಟ್ಟಡ ಬೇಕಾಗಲಿಲ್ಲ, ಗ್ರಾನೈಟ್ ಕಲ್ಲೂ ಬೇಕಾಗಲಿಲ್ಲ. ಹುಲ್ಲು, ನೆರಳು, ಓಡಿಸದೆ ಬಿಡುವ ಕಾವಲುಗಾರ, ಇಷ್ಟಿದ್ದರೆ ಆಯಿತು.

ದುಡ್ಡಿನ ಬಗ್ಗೆ ಒಂದೇ ಮಾತು. ಈಗ ಪಾರ್ಕ್ ಚೆನ್ನಾಗಿ ಕಾಣುತ್ತಿರುವುದರಿಂದ ದತ್ತು ತೆಗೆದುಕೊಳ್ಳುತ್ತೇವೆ ಅಂತ ಬರುವವರಿದ್ದಾರೆ. ಕೊಡಲಿ, ಸಂತೋಷ. ಅವರ ಹೆಸರಿನ ಬೋರ್ಡ್ ಎಷ್ಟು ದೊಡ್ಡದಿರಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಗಿಡಕ್ಕಿಂತ ಬೋರ್ಡಿಗೇ ಜಾಸ್ತಿ ಬಿಸಿಲು ಸಿಗುತ್ತದೆ.

ಮುಂದಿನ ಭಾನುವಾರ ಮತ್ತೆ ಸಭೆ ಇದೆ. ಶಟಲ್ ಆಡುವ ಬಳಗದವರು ಸಿಮೆಂಟ್ ಕೋರ್ಟ್ ಬೇಕು ಅಂತ ಕೇಳಿದ್ದಾರೆ. ಖರ್ಚೂ ಅವರೇ ಹಾಕಿಕೊಳ್ಳುತ್ತಾರಂತೆ. ಸುತ್ತ ಬಲೆ, ಬಲೆಗೆ ಬಾಗಿಲು, ಬಾಗಿಲಿಗೆ ಬೀಗ, ಸದಸ್ಯರಿಗೆ ಮಾತ್ರ ಕೀ. ಜಾಗ ಇಂಗುಬಾವಿಯ ಪಕ್ಕದ್ದೇ, ಅಲ್ಲಿ ಸಿಮೆಂಟ್ ಸುರಿದರೆ ಮಳೆನೀರು ಮತ್ತೆ ನಡಿಗೆಯ ದಾರಿಗೆ ತಿರುಗುತ್ತದೆ. ನಾನು ಬೇಡ ಅನ್ನಲು ಹೋಗುತ್ತಿದ್ದೇನೆ. ಮಣ್ಣನ್ನು ಚೆನ್ನಾಗಿ ದಿಮ್ಮಿಸಿ, ಸುಣ್ಣದಲ್ಲಿ ಗೆರೆ ಎಳೆದು, ಎರಡು ಕಂಬ ನೆಡಲಿ. ಬಲೆ ಕಟ್ಟಿಕೊಂಡು ಆಡಲಿ, ಆಟ ಮುಗಿದ ಮೇಲೆ ಬಿಚ್ಚಿಕೊಂಡು ಹೋಗಲಿ. ಉಳಿದ ಹೊತ್ತು ಅಲ್ಲಿ ಯಾರು ಬೇಕಾದರೂ ಕೂರಬಹುದು. ಮೇಷ್ಟ್ರು ನನ್ನ ಕಡೆ ಇದ್ದಾರೆ, ಕ್ರಿಕೆಟ್ ಹುಡುಗರೂ. ಎದುರು ಮನೆ ಅಜ್ಜಿಗೆ ಶಟಲ್ ಬಳಗದಲ್ಲಿ ಅಳಿಯ ಇದ್ದಾರೆ, ಅವರು ಏನು ಮಾಡುತ್ತಾರೋ ನೋಡಬೇಕು. ಈ ಸಲ ಸಭೆಯನ್ನು ಬೆಳಿಗ್ಗೆ ಏಳಕ್ಕೆ ಇಡಬೇಡಿ, ಮಾಲಿ ಅಕ್ಕ ಕೂತು ಮಾತಾಡಲು ಆಗುವ ಹೊತ್ತಿಗೆ ಇಡಿ ಅಂತ ಕೇಳಿದ್ದೆ. ಹನ್ನೆರಡೂವರೆಗೆ ಅಂತ ಗೊತ್ತಾಗಿದೆ, ಹೊಂಗೆಮರದ ಕೆಳಗೆ. ಬಿಸಿಲಿಗೆ ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಡಬ್ಬಿ ಬಿಚ್ಚಿ ಊಟಕ್ಕೆ ಕೂರುವವರಂತೂ ಅಲ್ಲೇ ಇರುತ್ತಾರೆ, ಅವರನ್ನೂ ಕೇಳಬಹುದು.